ದುರ್ಬೀನಿನ ಸ್ಕ್ರೂಗೆ ಎರಡು ಬೆರಳು ಸಾಕು

ಬಂದೂಕಿನ ಅಂಗಡಿಗೆ ಜನ ಬಂದೂಕು ಕೆಟ್ಟಿತು ಅಂತ ಬರುತ್ತಾರೆ ಎಂದು ನೀವು ತಿಳಿದಿದ್ದರೆ ಅದು ಸುಳ್ಳು. ಬಂದೂಕು ತಾನಾಗಿ ಕೆಡುವುದು ಬಲು ಅಪರೂಪ. ಜನ ಮೊದಲು ಅದನ್ನು ಮನೆಯಲ್ಲಿ ರಿಪೇರಿ ಮಾಡುತ್ತಾರೆ, ಆಮೇಲೆ ಆ ರಿಪೇರಿಯನ್ನು ರಿಪೇರಿ ಮಾಡಿಸಲು ನನ್ನ ಹತ್ತಿರ ಬರುತ್ತಾರೆ. ತುಮಕೂರಿನಲ್ಲಿ ಲೈಸೆನ್ಸ್ ಬಂದೂಕು, ತೋಟಾ, ಏರ್‌ಗನ್ನು ಮಾರಿಕೊಂಡು ಕೂತ ಇಷ್ಟು ವರ್ಷದಲ್ಲಿ ಇದು ನಿಲ್ಲುತ್ತದೆ ಅಂತ ಕಾದೆ. ನಿಲ್ಲಲಿಲ್ಲ. ನಿಂತಿದ್ದರೆ ನನ್ನ ಅಂಗಡಿಯೂ ನಿಲ್ಲುತ್ತಿತ್ತು ಅನ್ನುವುದು ಬೇರೆ ಮಾತು.

ಇದರಲ್ಲಿ ದೊಡ್ಡ ಪಾಲು ದುರ್ಬೀನಿನದು. ತೊಂಬತ್ತರ ದಶಕದ ಶುರುವಿನಲ್ಲಿ ಅದು ನಮ್ಮ ಕಡೆಗೆ ಬಂತು. ಗೇಣುದ್ದದ ಕೊಳವೆ, ಒಳಗೆ ಗಾಜು, ಗಾಜಿನ ನಡುವೆ ಅಡ್ಡ ಉದ್ದ ಕೂದಲೆಳೆಯಂಥ ಎರಡು ಗೆರೆ. ಬಂದೂಕಿನ ಬೆನ್ನ ಮೇಲೆ ಎರಡು ರಿಂಗುಗಳಲ್ಲಿ ಅದನ್ನು ಮಲಗಿಸಿ ಸ್ಕ್ರೂ ಹಾಕಬೇಕು. ಸ್ಕ್ರೂ ಸಡಿಲವಾದರೆ ದುರ್ಬೀನು ಜಾರುತ್ತದೆ. ಬಿಗಿ ಜಾಸ್ತಿಯಾದರೆ ಕೊಳವೆ ನಜ್ಜುಗುಜ್ಜು, ಯಾಕೆಂದರೆ ಅದು ತೆಳು ಅಲ್ಯೂಮಿನಿಯಂ. ಮಾಡುವ ಕ್ರಮ ಏನೂ ಕಷ್ಟವಲ್ಲ. ಮೊದಲು ಬಂದೂಕು ಖಾಲಿ ಇದೆಯಾ ನೋಡಬೇಕು. ರಿಂಗಿನ ಎಣ್ಣೆಪಸೆ ಒರೆಸಬೇಕು. ಎಲ್ಲ ಸ್ಕ್ರೂಗಳನ್ನೂ ಎದುರುಬದುರು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬರಬೇಕು, ಎರಡೂ ಕಡೆ ಸಂದು ಸಮ ಇರಬೇಕು. ಕೊನೆಗೆ ಅಲೆನ್ ಕೀ ಅನ್ನುವ ಬಗ್ಗಿದ ಕಡ್ಡಿಯ ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿದಷ್ಟು ತಿರುಗಿಸಿ ಕೈ ಬಿಡಬೇಕು.

ಈ ಕೊನೆಯ ಎರಡು ಮಾತು, ‘ಕೈ ಬಿಡಬೇಕು’ ಅನ್ನುವುದು, ನಮ್ಮ ಜಿಲ್ಲೆಯ ಗಂಡಸರಿಗೆ ಆಗದ ಕೆಲಸ.

೧. ಇಬ್ರೇ

ನನ್ನಿಂದ ಮೊದಲು ದುರ್ಬೀನು ಕೊಂಡವರು ನಿಟ್ಟೂರು ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರು. ತೋಟಕ್ಕೆ ಕೋತಿ ಕಾಟ. ಅವರು ಕೋತಿಗೆ ಹೊಡೆಯುವವರಲ್ಲ, ಶನಿವಾರ ಉಪವಾಸ ಮಾಡುವ ಮನುಷ್ಯ. ಮರಗಳಿಗೆ ಅಲ್ಲಲ್ಲಿ ಹಳೇ ತಗಡು ಕಟ್ಟಿದ್ದರು. ಜಗಲಿ ಮೇಲೆ ಕೂತು ಏರ್‌ಗನ್ನಿನಲ್ಲಿ ತಗಡಿಗೆ ಹೊಡೆದರೆ ಠಣ್ ಅಂತ ಸದ್ದಾಗಬೇಕು, ಕೋತಿ ಓಡಬೇಕು. ವಯಸ್ಸಾಗಿ ಕಣ್ಣು ಮಂಜಾಗಿ ತಗಡು ಕಾಣದೆ, ಸದ್ದು ನಿಂತು, ಕೋತಿಗಳು ಜಗಲಿಗೇ ಬಂದು ಕೂರತೊಡಗಿದ ಮೇಲೆ ದುರ್ಬೀನಿಗೆ ಬಂದರು.

ಕೂರಿಸಿ ಕೊಟ್ಟು ಕಳಿಸಿದೆ. ಹದಿನೈದು ದಿನಕ್ಕೆ ವಾಪಸ್ ಬಂದರು.

‘ಸಾವ್ಕಾರ್ರೇ, ಇದ್ರೊಳ್ಗೆ ಜೇಡ ಬಲೆ ಕಟ್ಬುಟ್ಟದೆ. ವಸಿ ಕ್ಲೀನ್ ಮಾಡ್ಕೊಡಿ.’

ನೋಡಿದೆ. ಜೇಡನೂ ಇಲ್ಲ, ಬಲೆಯೂ ಇಲ್ಲ. ಒಳಗಿನ ಗಾಜು ಸೀಳಿತ್ತು. ರಿಂಗು ಕೂತ ಜಾಗದಲ್ಲಿ ಕೊಳವೆಯು, ಬೆಳೆದ ಮಗುವಿಗೆ ಹಳೇ ಉಡುದಾರ ಬಿಚ್ಚದೆ ಬಿಟ್ಟರೆ ಸೊಂಟ ಹೇಗಾಗುತ್ತದೋ, ಹಾಗೆ ಒಳಕ್ಕೆ ಹೋಗಿತ್ತು.

‘ಇದನ್ನ ಟೈಟ್ ಮಾಡಿದ್ದು ಯಾರು?’

‘ನಾವೇಯ. ನೀವು ಮಾಡಿದ್ದು ಸರಿಯಾಗಿರ್ನಿಲ್ಲ. ಬಿಚ್ಚಕ್ಕೆ ನೋಡ್ದೆ, ಬೆರಳಲ್ಲೇ ಬಂದ್ಬುಡ್ತು.’

‘ಬೆರಳಲ್ಲಿ ಹಾಕಿದ್ದು ಸ್ವಾಮಿ, ಬೆರಳಲ್ಲೇ ಬರುತ್ತೆ. ನೀವು ಯಾತರಲ್ಲಿ ಹಾಕಿದ್ರಿ?’

‘ನೀವು ಕೊಟ್ರಲ್ಲ ಆ ಬಗ್ಗಿದ ಕಡ್ಡಿ, ಅದ್ರಲ್ಲೇಯ. ಕೈಗೆ ಹಿಡಿತ ಸಿಗ್ನಿಲ್ಲ. ಅದ್ಕೆ ಮೊಳ ಉದ್ದ ಪೈಪ್ ತೂರಿಸ್ಕೊಂಡ್ವಿ.’

‘ಪೈಪ್ ಹಾಕಿ ತಿರುಗಿಸಿದ್ರಾ! ಎಷ್ಟು ಬಲ ಬಿಟ್ರಿ?’

‘ಅಯ್ಯೋ, ಬಲ ಏನ್ ಬಂತು ಬುಡಿ. ನಾನೂ ನಮ್ ಆಳೂ. ಇಬ್ರೇ.’

೨. ಪಂಥ

ಆ ಮಾತುಕತೆಯನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವನು ನನ್ನ ಪಕ್ಕದ ಅಂಗಡಿಯವನು. ಅವನು ಮೋಟಾರು ರಿಪೇರಿಯವನು, ಊರು ಗೂಳೂರು. ಸುತ್ತಮುತ್ತ ಯಾರ ಬೋರ್‌ವೆಲ್ಲಿಗೆ ಮೋಟಾರು ಇಳಿಸಬೇಕಾದರೂ, ಎತ್ತಬೇಕಾದರೂ ಅವನೇ ಬೇಕು. ತೋಳು ನೋಡಿದರೆ ಒನಕೆ. ಅವನ ಬಾಯಲ್ಲಿ ಯಾವಾಗಲೂ ಒಂದೇ ಮಾತು, ‘ಇನ್ನೊಂದು ಸುತ್ತು ಬರ್ಲಿ.’ ಸೈಕಲ್ಲಿಗೂ ಅದೇ, ನಲ್ಲಿಗೂ ಅದೇ, ಬೋರಿಗೂ ಅದೇ.

‘ಆ ವಯ್ಯಂದು ಏನ್ ತಪ್ಪು ಸಾವ್ಕಾರ್ರೇ?’ ಅಂದ. ‘ನಿಮ್ ಮಾಲೇ ಸರಿಯಿಲ್ಲ. ಇನ್ನೊಂದು ಸುತ್ತು ತಡೀದಿರೋ ಕಬ್ಬಿಣ ಕಬ್ಬಿಣನಾ?’

‘ಅದು ಕಬ್ಬಿಣ ಅಲ್ಲ ಕಣಯ್ಯಾ. ಬಳೆಗಾರ ಬಳೆ ತೊಡಿಸೋದು ನೋಡಿಲ್ವಾ? ಕೈ ಬಿಟ್ಟು ಬೀಳಬಾರದು, ಕೈಗೆ ನೋವೂ ಆಗಬಾರದು. ರಿಂಗು ಅಂದ್ರೆ ಹಾಗೆ.’

‘ಬಂದೂಕ ಹೊಡ್ದಾಗ ಒದೀತದೆ. ಬಳೆಗಾರನ್ನ ಯಾವ್ ಹೆಂಗ್ಸು ಒದ್ದವ್ಳೆ ಹೇಳಿ?’

ಇಷ್ಟು ಹೊತ್ತಿಗೆ ಎದುರಿನ ಟೀ ಅಂಗಡಿಯವರೂ ಬಂದು ಸೇರಿದ್ದರು. ನಾಲ್ಕು ಜನರ ಮುಂದೆ ಮಾತು ಬಿಟ್ಟುಕೊಟ್ಟರೆ ವ್ಯಾಪಾರಿಯ ಗತಿ ಏನು? ನಾನು ಅಂದೆ, ‘ಬಿಗಿ ಮಾಡಿ ಹಾಳಾದದ್ದು ನಾನು ಇವತ್ತೇ ತೋರಿಸಿದೆ. ಬೆರಳಲ್ಲೇ ನಿಲ್ಲಿಸಿ ಹಾಳಾದದ್ದು, ಯಾವ ಸಾಮಾನಾದರೂ ಸರಿ, ಒಂದೇ ಒಂದು ನೀನು ತೋರಿಸು. ನನ್ನ ಕೈಯಿಂದ ಆಗಿರಬೇಕು. ತೋರಿಸಿದ ದಿನ ನಿನ್ನ ಮಾತನ್ನ ನನ್ನ ಅಂಗಡಿ ಬಾಗಿಲ ಮೇಲೆ ಬರೆಸಿ ವರ್ಷ ಪೂರ್ತಿ ಇಡ್ತೀನಿ.’

‘ಆಗ್ಲಿ,’ ಅಂದ. ‘ಅರ್ಜೆಂಟಿಲ್ಲ. ಒಂದಿನ ಸಿಕ್ತದೆ.’

ಮಾರನೆಯ ದಿನವೇ ನಾನು ಪೇಂಟರನ್ನು ಕರೆಸಿ ಬಾಗಿಲ ಮೇಲೆ ಬೋರ್ಡು ಬರೆಸಿದೆ: ‘ದುರ್ಬೀನಿನ ಸ್ಕ್ರೂಗೆ ಎರಡು ಬೆರಳು ಸಾಕು.’ ಊರಿಗೆಲ್ಲ ಕಾಣುವ ಹಾಗೆ, ಕೆಂಪಕ್ಷರ. ಇನ್ನು ಈ ಬೋರ್ಡು ಕೆಳಗಿಳಿದರೆ ನನ್ನ ಮುಖವೂ ಅದರ ಜೊತೆ ಇಳಿದ ಹಾಗೆ.

ಅವನು ಬೋರ್ಡು ಓದಿ ತನ್ನ ಅಂಗಡಿಯಲ್ಲಿ ಊಟಕ್ಕೆ ಕೂತ. ಡಬ್ಬಿಯ ತಿರುಪಿನ ಮುಚ್ಚಳವನ್ನು ಬೆಳಿಗ್ಗೆ ಅವನೇ ಹಾಕಿಕೊಂಡು ಬಂದಿದ್ದು. ಕೈಯಲ್ಲಿ ನೋಡಿದ, ಬರಲಿಲ್ಲ. ಪಂಚೆ ತುದಿ ಸುತ್ತಿ ನೋಡಿದ, ಬರಲಿಲ್ಲ. ಕೊನೆಗೆ ನನ್ನ ಕಡೆ ಬೆನ್ನು ಮಾಡಿ, ಪೈಪ್ ರೆಂಚು ತಗೊಂಡು ಉಪ್ಪಿಟ್ಟಿನ ಡಬ್ಬಿ ತೆಗೆದ.

೩. ಒಂದು ತೊಟ್ಟೂ ಸೋರಲ್ಲ

ಹೈಸ್ಕೂಲಿನ ಡ್ರಿಲ್ ಮೇಷ್ಟ್ರೊಬ್ಬರು ನನ್ನ ಗಿರಾಕಿ. ಏರ್‌ಗನ್ನಿನಲ್ಲಿ ಗುರಿ ಹೊಡೆಯುವ ಹುಚ್ಚು. ಅಂಥವರೇ ಎಂಟು ಹತ್ತು ಮಂದಿ ಸೇರಿ ವರ್ಷಕ್ಕೊಮ್ಮೆ ಒಂದು ಪಂದ್ಯ ಇಟ್ಟುಕೊಳ್ಳುತ್ತಿದ್ದರು. ಗೋಡೆಗೆ ಸಾಲಾಗಿ ರಟ್ಟಿನ ಗುರಿ, ಒಬ್ಬೊಬ್ಬರಿಗೆ ಒಂದು ರಟ್ಟು, ಐದೈದು ಗುಂಡು.

ಪಂದ್ಯದ ಹಿಂದಿನ ದಿನ ಮೇಷ್ಟ್ರ ದುರ್ಬೀನು ಅಲ್ಲಾಡಿತು. ನನ್ನ ಅಂಗಡಿಗೆ ರಜ. ಮೇಷ್ಟ್ರು ಪಕ್ಕಕ್ಕೆ ಹೋದರು. ಮೋಟಾರಿನವನಿಗೆ ಅದೇ ಬೇಕಾಗಿತ್ತು. ‘ಕೊಡಿ ಮೇಷ್ಟ್ರೇ, ಜನ್ಮಕ್ಕೆ ಅಲ್ಲಾಡ್ದಂಗ್ ಮಾಡ್ಕೊಡ್ತೀನಿ’ ಅಂದ.

ಪೈಪಿಗೆ ಪೈಪು ಜೋಡಿಸುವಾಗ ಏನು ಮಾಡುತ್ತಾರೆ? ತಿರುಪಿನ ಮೇಲೆ ಸಣಬಿನ ನಾರು ಸುತ್ತಿ, ಬಿಳಿ ಪೇಂಟು ಮೆತ್ತಿ, ಆಮೇಲೆ ಬಿಗಿ ಮಾಡುತ್ತಾರೆ. ಅವನು ದುರ್ಬೀನಿಗೂ ಅದನ್ನೇ ಮಾಡಿದ. ಕೊಳವೆಗೆ ಸಣಬು ಸುತ್ತಿ, ಪೇಂಟು ಬಳಿದು, ರಿಂಗು ಹಾಕಿ, ಇನ್ನೊಂದು ಸುತ್ತು ಕೊಟ್ಟ. ಪಂದ್ಯದ ಬೆಳಿಗ್ಗೆ ಮೇಷ್ಟ್ರು ಅದನ್ನು ತಂದಾಗ ನಾನು ಅಲ್ಲೇ ಇದ್ದೆ. ದೂರದಿಂದ ನೋಡಿದರೆ ಬಂದೂಕಿನ ಮೇಲೆ ಬ್ಯಾಂಡೇಜು ಸುತ್ತಿದ ಮೂಳೆ ಮುರಿದ ಕೈ ಮಲಗಿದ ಹಾಗಿತ್ತು.

‘ಇದೇನಯ್ಯಾ?’ ಅಂದೆ, ತಮಾಷೆ ನೋಡಲು ಬಂದಿದ್ದ ಮೋಟಾರಿನವನಿಗೆ.

‘ನೋಡ್ಕಳಿ ಸಾವ್ಕಾರ್ರೇ. ಇನ್ ಇದ್ರಲ್ಲಿ ಒಂದ್ ತೊಟ್ಟೂ ಸೋರಲ್ಲ.’

‘ದುರ್ಬೀನಲ್ಲಿ ಏನಯ್ಯಾ ಸೋರುತ್ತೆ?’

‘ಅದೇ ನಾನೂ ಹೇಳಿದ್ದು. ಸೋರಲ್ಲ.’

ನಿಜಕ್ಕೂ ಅದು ಅಲ್ಲಾಡಲಿಲ್ಲ. ಆದರೆ ಸಣಬು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ದುರ್ಬೀನಿನ ಮುಖ ಒಂದು ಕಡೆ, ನಳಿಕೆಯ ಮುಖ ಇನ್ನೊಂದು ಕಡೆ. ಮೇಷ್ಟ್ರು ಉಸಿರು ಕಟ್ಟಿ, ಕಣ್ಣು ಕಿರಿದು ಮಾಡಿ, ಐದು ಗುಂಡು ಹೊಡೆದರು. ಹೋಗಿ ನೋಡಿದರೆ ಅವರ ರಟ್ಟು ಮದುವೆ ಹೆಣ್ಣಿನ ಕೆನ್ನೆಯ ಹಾಗೆ ನುಣ್ಣಗಿದೆ. ಪಕ್ಕದ ರಟ್ಟಿನಲ್ಲಿ ಹತ್ತು ತೂತು.

ಪಕ್ಕದ ರಟ್ಟು ಗುಬ್ಬಿ ಕಡೆ ಬಸ್ಸಿನ ಕಂಡಕ್ಟರೊಬ್ಬರದು. ಅವರು ಹೊಡೆದದ್ದು ಐದೇ, ಅವೂ ಮೂಲೆಯಲ್ಲಿ. ನಡುವಿನ ಐದು ಮೇಷ್ಟ್ರವು, ಹೊಲಿದ ಹಾಗೆ ಒಂದರ ಪಕ್ಕ ಒಂದು. ಮೇಷ್ಟ್ರು ಕೈಕಟ್ಟಿ, ‘ಆ ಐದು ನಂದು ಸ್ವಾಮಿ, ಕೊಟ್ಟುಬಿಡಿ’ ಎಂದು ಕೇಳಿಕೊಂಡರು.

ಕಂಡಕ್ಟರು ರಟ್ಟನ್ನು ಕಂಕುಳಿಗೆ ಸೇರಿಸಿ ಅಂದರು, ‘ಯಾರ್ ಮನೆಯಿಂದ ಹೊರಟ್ರೋ ನಂಗೊತ್ತಿಲ್ಲ ಮೇಷ್ಟ್ರೇ. ನನ್ ಬಸ್ಸಿಗೆ ಹತ್ತಿದ್ಮೇಲೆ ಅವ್ರು ನನ್ ಪ್ಯಾಸೆಂಜರು.’

೪. ಹಿಡಿ

ಚುನಾವಣೆ ಬಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸ್ ತರಬೇಕು. ನನ್ನ ಗಿರಾಕಿಯೊಬ್ಬರ ರೈಫಲ್ಲಿನ ಮೇಲೆ ನಾನೇ ಕೂರಿಸಿದ ಒಳ್ಳೇ ದುರ್ಬೀನು ಇತ್ತು. ಬಿಚ್ಚಿಟ್ಟು ಕೊಡಿ ಅಂತ ಹೇಳಿದ್ದೆ, ಅವರು ಸೋಮಾರಿತನಕ್ಕೆ ಹಾಗೇ ಕೊಟ್ಟರು. ವಾಪಸ್ ತರುವಾಗ ಜೊತೆಗೆ ನನ್ನನ್ನೂ ಕರಕೊಂಡು ಹೋದರು.

ಒಳಗಿನಿಂದ ಒಬ್ಬ ಪೇದೆ ಬಂದರು. ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದು ಕೈಯಲ್ಲಿ ರೈಫಲ್ಲು. ಹಿಡಿದದ್ದು ಯಾವುದನ್ನು? ದುರ್ಬೀನನ್ನು! ನೀರಿನ ಬಕೆಟ್ಟು ತಂದಂತೆ ತೂಗಾಡಿಸಿಕೊಂಡು ಬಂದರು.

‘ಸಾರ್, ಹಾಗೆ ಹಿಡೀಬಾರ್ದು’ ಅಂದೆ.

‘ಯಾಕ್ ಸಾರ್? ಇಷ್ಟ್ ಬಂದೂಕ ಬಂದಿತ್ತು, ಹಿಡಿ ಇರೋದು ಇದೊಂದೇ. ಒಳ್ಳೇ ಕಂಪ್ನಿ. ರೂಮು ಗುಡಿಸೋವಾಗೆಲ್ಲ ಮೊದ್ಲು ಇದನ್ನೇ ಎತ್ತಿಡ್ತಿದ್ವಿ.’

ಗಿರಾಕಿ ತಲೆ ಮೇಲೆ ಕೈ ಹೊತ್ತು, ‘ಎಲ್ಲ ಲೂಸಾಗಿರುತ್ತಲ್ರೀ!’ ಅಂದರು.

ಪೇದೆಗೆ ಬೇಜಾರಾಯಿತು. ‘ಏನ್ ಸಾರ್ ಹಂಗಂತೀರಾ? ಜನರ ಸಾಮಾನು ನಾವು ಹಂಗ್ ನೋಡ್ಕೊಳ್ತೀವಾ? ಹಿಡಿ ವಸಿ ಅಲ್ಲಾಡ್ತಿತ್ತು. ನಿಮ್ ಬಂದೂಕದಂಗ್ಡಿ ಪಕ್ಕದಲ್ಲಿ ಮೋಟಾರ್ ರಿಪೇರಿಯವ್ರು ಅವ್ರಲ್ಲ, ನಮ್ ಠಾಣೆ ಪಂಪ್ ಸೆಟ್ ನೋಡಕ್ಕೆ ಬಂದಿದ್ರು. ಅವ್ರ್ ಕೈಲೇ ಇನ್ನೊಂದು ಸುತ್ತು ಹಾಕ್ಸಿದೀವಿ.’

೫. ದಿನಾ ಎರಡೇ ಬೆರಳು

ಬರೀ ಬಿಗಿ ಮಾಡುವವರ ಕತೆಯನ್ನೇ ಹೇಳಿದರೆ ನನ್ನ ಮಾತು ಕೇಳಿದವರಿಗೆ ಅನ್ಯಾಯ ಆಗುತ್ತದೆ. ಕುಣಿಗಲ್ಲಿನ ರಿಟೈರ್ಡ್ ಪೋಸ್ಟ್ ಮಾಸ್ಟರೊಬ್ಬರು ನನ್ನ ಮಾತನ್ನು ವೇದವಾಕ್ಯದ ಹಾಗೆ ಕೇಳಿದರು. ನಾನು ಹೇಳಿದ್ದನ್ನೆಲ್ಲ ಹಳೇ ಇನ್‌ಲ್ಯಾಂಡ್ ಲೆಟರಿನ ಹಿಂದೆ ಬರೆದುಕೊಂಡರು. ಎಣ್ಣೆಪಸೆ ಒರೆಸುವುದು, ಎದುರುಬದುರು ತಿರುಗಿಸುವುದು, ಎರಡು ಬೆರಳು. ಯಾವ ಎರಡು ಬೆರಳು ಅಂತ ಕೂಡ ಕೇಳಿದರು. ಹೆಬ್ಬೆರಳು, ತೋರುಬೆರಳು ಅಂದೆ. ಅದನ್ನೂ ಬರೆದುಕೊಂಡರು. ಇಂಥ ಗಿರಾಕಿ ಇನ್ನು ಹತ್ತು ಜನ ಇದ್ದರೆ ಜಿಲ್ಲೆ ಉದ್ಧಾರ ಅಂದುಕೊಂಡೆ. ಪಕ್ಕದವನಿಗೆ ಕೇಳಿಸುವ ಹಾಗೆ ಜೋರಾಗಿಯೂ ಅಂದೆ.

ವರ್ಷದ ಮೇಲೆ ಬಂದರು. ದುರ್ಬೀನು ಬಿಚ್ಚಬೇಕಾಗಿದೆ, ಸ್ಕ್ರೂ ಬರುತ್ತಿಲ್ಲ. ನೋಡಿದೆ. ಸ್ಕ್ರೂ ತಲೆಯಲ್ಲಿ ಕೀ ಕೂರುವ ಆರು ಮೂಲೆಯ ಗುಂಡಿ ಸವೆದು ಸವೆದು ಒರಳುಕಲ್ಲಿನ ಗುಂಡಿಯ ಹಾಗೆ ದುಂಡಗಾಗಿದೆ.

‘ಏನ್ ಸಾರ್ ನೀವೂ!’ ಅಂದೆ. ‘ನಿಮ್ಮ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ. ನೀವೂ ಪೈಪ್ ತೂರಿಸಿದ್ರಾ?’

ಅವರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ‘ಛೆ ಛೆ! ಪೈಪಾ? ನಿಮ್ಮಾಣೆಗೂ ಎರಡೇ ಬೆರಳು. ಹೆಬ್ಬೆರಳು, ತೋರುಬೆರಳು.’

‘ಮತ್ತೆ ಹೀಗೆ ಯಾಕಾಯ್ತು?’

‘ಬೆಳಿಗ್ಗೆ ಆರು ಗಂಟೆಗೆ ಎದ್ದು ಗಡಿಯಾರಕ್ಕೆ ಕೀ ಕೊಡ್ತೀನಿ. ಹಾಗೇ ದುರ್ಬೀನಿಗೂ ಕೊಡ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ.’

ಪಕ್ಕದ ಅಂಗಡಿಯಲ್ಲಿ ಸುತ್ತಿಗೆ ಸದ್ದು ನಿಂತಿತು. ಮೋಟಾರಿನವನ ತಲೆ ಬಾಗಿಲಲ್ಲಿ ಇಣುಕಿತು. ‘ಸಾವ್ಕಾರ್ರೇ, ಇದು ಬೆರಳಲ್ಲೇ ಹಾಳಾಗಿದ್ದು. ಬರೀತೀರಾ ಬೋರ್ಡು?’

‘ನನ್ನ ಕೈಯಿಂದ ಆಗಿರಬೇಕು ಅಂತ ಮಾತಾಗಿತ್ತು’ ಅಂದೆ. ‘ಇದು ಅವರ ಕೈ.’

‘ಸರಿ ಬುಡಿ,’ ಅಂದ. ‘ಅರ್ಜೆಂಟಿಲ್ಲ.’

ಪೋಸ್ಟ್ ಮಾಸ್ಟರು ಇಬ್ಬರ ಮುಖವನ್ನೂ ನೋಡಿ, ಜೇಬಿನಿಂದ ಇನ್‌ಲ್ಯಾಂಡ್ ಲೆಟರು ತೆಗೆದು, ಪೆನ್ನು ಬಿಚ್ಚಿ ಕೇಳಿದರು, ‘ಹಾಗಾದ್ರೆ ವಾರಕ್ಕೊಂದ್ಸಲ ಅಂತ ಬರ್ಕೊಳ್ಲಾ?’

೬. ಉಪ್ಪಾರಹಳ್ಳಿಯ ಬೋರು

ಹೀಗೆ ಹತ್ತು ವರ್ಷದ ಮೇಲಾಯಿತು. ಎರಡು ಸಾವಿರನೇ ಇಸವಿಯೂ ದಾಟಿತು. ನನ್ನ ಬೋರ್ಡಿಗೆ ಎರಡು ಸಲ ಹೊಸ ಬಣ್ಣ ಬಂತು. ಮೋಟಾರಿನವನ ಕೂದಲು ಬೆಳ್ಳಗಾಯಿತು, ಅವನ ಬಾಯಲ್ಲಿ ‘ಅರ್ಜೆಂಟಿಲ್ಲ’ ಮಾತ್ರ ಹಾಗೇ ಇತ್ತು. ನಾನಂತೂ ಪಂಥ ಗೆದ್ದೇಬಿಟ್ಟೆ ಅಂತ ಮೀಸೆ ತಿರುವಿಕೊಂಡಿದ್ದೆ.

ಆ ಬೇಸಿಗೆಯಲ್ಲಿ ಉಪ್ಪಾರಹಳ್ಳಿಯ ನಮ್ಮ ಮನೆಯ ಬೋರಿನ ಮೋಟಾರು ಸುಟ್ಟಿತು. ಕೈಗೆ ಅವನು ಸಿಕ್ಕಿರುವಾಗ ಬೇರೆಯವರನ್ನು ಯಾಕೆ ಕರೆಯಲಿ? ಮೋಟಾರು ಎತ್ತಿದ, ಕಾಯಿಲ್ ಕಟ್ಟಿಸಿದ, ಭಾನುವಾರ ಬೆಳಿಗ್ಗೆ ತನ್ನ ಇಬ್ಬರು ಆಳುಗಳ ಜೊತೆ ವಾಪಸ್ ಇಳಿಸಲು ಬಂದ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ, ಚೈನು ಕಟ್ಟಿದ. ಮೋಟಾರಿಗೆ ಒಂದು ಪೈಪು, ಅದರ ತಲೆಗೆ ಇನ್ನೊಂದು, ಅದರ ತಲೆಗೆ ಮತ್ತೊಂದು. ಪ್ರತಿ ಸಲವೂ ಬೋರಿನ ಬಾಯಲ್ಲಿ ಪೈಪಿನ ಕತ್ತಿಗೆ ಎರಡು ದವಡೆಯ ಕಬ್ಬಿಣದ ಕ್ಲಾಂಪು ಹಾಕಿ, ಎರಡು ನಟ್ಟು ಬಿಗಿ ಮಾಡಿ, ಚೈನು ಬಿಚ್ಚಿ, ಮುಂದಿನ ಪೈಪು ಎತ್ತುವುದು. ಅಂದರೆ ಚೈನು ಬಿಚ್ಚಿದ ಹೊತ್ತಿನಲ್ಲಿ ಮೋಟಾರು, ಪೈಪು, ಎಲ್ಲಾ ಭಾರವೂ ಆ ಒಂದು ಕ್ಲಾಂಪಿನ ಮೇಲೆ.

ಹಳೇ ಪೈಪೆಲ್ಲ ತುಕ್ಕು ಹಿಡಿದಿತ್ತು ಅಂತ ಹೊಸ ಪೈಪು ತರಿಸಿದ್ದೆ. ಫಳಫಳ ಹೊಳೆಯುತ್ತಿತ್ತು. ಏಳನೇ ಪೈಪು ಇಳಿದಾಗ ಅವನು ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ, ‘ಇನ್ನೊಂದು ಸುತ್ತು ಬರ್ಲಿ’ ಅಂತ ಕ್ಲಾಂಪು ಬಿಗಿ ಮಾಡಿದ. ಕರ್ ಅಂತು.

ನಮ್ಮಾಕೆ ಒಳಗಿನಿಂದ, ‘ರೀ, ಅವ್ರನ್ನ ಕಾಫಿಗೆ ಕರೀರಿ’ ಅಂದಳು. ಅವನೂ ಅವನ ಆಳುಗಳೂ ಚೈನು ಬಿಚ್ಚಿಟ್ಟು ಜಗಲಿಗೆ ಹೋಗಿ ಕೂತರು. ಬೋರಿನ ಹತ್ತಿರ ಉಳಿದವನು ನಾನೊಬ್ಬ.

ಬಗ್ಗಿ ನೋಡಿದೆ. ಹೊಸ ಪೈಪಿನ ಮೇಲೆ ಕ್ಲಾಂಪಿನ ಹಲ್ಲು ಕೂತ ಗುರುತು! ಹೆಂಗಸಿನ ಕೈಯನ್ನು ಗಟ್ಟಿಯಾಗಿ ಹಿಡಿದು ಬಳೆ ತೊಡಿಸಿದ ಒರಟು ಬಳೆಗಾರನ ಕೆಲಸ. ಇಷ್ಟು ವರ್ಷ ಇದನ್ನೇ ತಾನೇ ನಾನು ಬೇಡ ಬೇಡ ಅಂದದ್ದು? ನನ್ನ ಅಂಗಡಿ ಬಾಗಿಲ ಮೇಲೆ ಬೋರ್ಡು ಬರೆಸಿ, ನನ್ನ ಮನೆಯ ಅಂಗಳದಲ್ಲೇ ಇಂಥದ್ದು ನಡೆಯಲು ಬಿಡುವುದೇ?

ಸ್ಪ್ಯಾನರು ಅಲ್ಲೇ ಬಿದ್ದಿತ್ತು. ತಗೊಂಡೆ. ಒಂದು ನಟ್ಟು ಸಡಿಲಿಸಿದೆ, ಇನ್ನೊಂದು ನಟ್ಟು ಸಡಿಲಿಸಿದೆ. ಹಲ್ಲು ಪೈಪಿಗೆ ಕಚ್ಚಿಕೊಂಡಿದ್ದರಿಂದ ತಕ್ಷಣ ಏನೂ ಆಗಲಿಲ್ಲ. ಪೈಪಿನ ಸುತ್ತ ಸಂದು ಸಮ ಮಾಡಿದೆ. ಆಮೇಲೆ ಸ್ಪ್ಯಾನರು ಪಕ್ಕಕ್ಕಿಟ್ಟು, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಎರಡೂ ನಟ್ಟನ್ನು ಹೆಬ್ಬೆರಳು ತೋರುಬೆರಳಿನಲ್ಲಿ ತಿರುಗಿದಷ್ಟು ತಿರುಗಿಸಿ ಕೈ ಬಿಟ್ಟೆ.

ಪೈಪು ಒಂದು ಅಂಗುಲ ಕೆಳಗೆ ಹೋಯಿತು.

ನನಗೆ ಮೊದಲು ಅನ್ನಿಸಿದ್ದು, ಕೂರ್ತಾ ಇದೆ, ಕೂರಲಿ ಅಂತ. ಇನ್ನೊಂದು ಅಂಗುಲ ಹೋಯಿತು. ಎರಡೂ ಕೈಯಲ್ಲಿ ಪೈಪನ್ನು ತಬ್ಬಿ ಹಿಡಿದೆ. ಏಳು ಪೈಪು, ಒಂದು ಮೋಟಾರು ಒಂದು ಕಡೆ, ಬಂದೂಕು ಒರೆಸಿ ಬದುಕಿದ ನಾನು ಇನ್ನೊಂದು ಕಡೆ. ಬಿಟ್ಟೆ. ಪೈಪಿನ ತಲೆಯ ದಪ್ಪ ಕಾಲರು ಕ್ಲಾಂಪಿಗೆ ಬಂದು ಬಡಿದು, ಒಂದು ಗಳಿಗೆ ನಿಂತು, ಯೋಚನೆ ಮಾಡಿತು. ಕ್ಲಾಂಪು ಬಾಯಿ ಬಿಟ್ಟಿತು. ಆಮೇಲೆ ಸರ್ರ್ ಅಂತ ಒಂದು ಸದ್ದು. ಸುರುಳಿ ಸುತ್ತಿಟ್ಟಿದ್ದ ಕೇಬಲ್ಲು ಹಾವಿನ ಹಾಗೆ ಹರಿದು ಬಂದು ನನ್ನ ಚಪ್ಪಲಿಯೊಂದನ್ನೂ ಎಳೆದುಕೊಂಡು ಒಳಗೆ ಹೋಯಿತು. ಬಹಳ ಹೊತ್ತಾದ ಮೇಲೆ ಪಾತಾಳದಿಂದ ‘ಧುಡುಂ’ ಅಂತ ಕೇಳಿಸಿತು.

ತಿರುಗಿ ನೋಡಿದೆ. ಜಗಲಿ ಮೇಲೆ ಮೂರು ಲೋಟ ಮೂರು ಬಾಯಿಯ ಹತ್ತಿರ ನಿಂತಿದ್ದವು. ನಮ್ಮಾಕೆ ಬಾಗಿಲಲ್ಲಿ. ನಾನು ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು, ಎರಡು ಬೆರಳು ಗಾಳಿಯಲ್ಲಿ ಹಾಗೇ ಹಿಡಿದುಕೊಂಡು ನಿಂತಿದ್ದೆ.

ಮೋಟಾರಿನವನು ಲೋಟ ಹಿಡಿದೇ ಎದ್ದು ಬಂದ. ಖಾಲಿ ಬೋರಿನ ಬಾಯಿ ನೋಡಿದ. ಬಾಯಿ ಬಿಟ್ಟ ಕ್ಲಾಂಪು ನೋಡಿದ. ನನ್ನ ಎರಡು ಬೆರಳು ನೋಡಿದ. ಅವನು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವನು ಕಾಫಿಯನ್ನು ಒಂದು ಗುಟುಕು ಕುಡಿದು, ನಿಧಾನವಾಗಿ ಕೇಳಿದ:

‘ಯಾವ್ ಕಲರ್ ಅಲ್ಲಿ ಬರೆಸ್ತೀರಾ ಸಾವ್ಕಾರ್ರೇ?’

೭. ಬೋರ್ಡು

ಕೊಕ್ಕೆ ಬಿಟ್ಟು ಮೋಟಾರು ಎತ್ತಲು ಅವನಿಗೆ ಮೂರು ದಿನ ಹಿಡಿಯಿತು. ಆ ಮೂರು ದಿನವೂ ನಮ್ಮಾಕೆ ಪಕ್ಕದ ಮನೆಯಿಂದ ನೀರು ಹೊತ್ತಳು. ಬಿಂದಿಗೆ ನನ್ನ ಕೈಗೆ ಕೊಟ್ಟಾಗಲೆಲ್ಲ, ‘ಎರಡು ಬೆರಳಲ್ಲಿ ಹಿಡೀಬೇಡಿ, ಪೂರ್ತಿ ಕೈ ಹಾಕಿ’ ಅನ್ನುತ್ತಿದ್ದಳು.

ವ್ಯಾಪಾರಿ ಮಾತು ತಪ್ಪಿದರೆ ನಾಳೆ ಅಂಗಡಿ ಬಾಗಿಲು ತೆಗೆಯುವುದು ಹೇಗೆ? ಪೇಂಟರನ್ನು ಕರೆಸಿ ಹಳೇ ಬೋರ್ಡು ಇಳಿಸಿ, ಹೊಸದು ಏರಿಸಿದೆ: ‘ಎಲ್ಲದಕ್ಕೂ ಇನ್ನೊಂದು ಸುತ್ತು ಬೇಕು.’ ಮೋಟಾರಿನವನು ಎದುರಿನ ಟೀ ಅಂಗಡಿಯಲ್ಲಿ ಕೂತು ಒಂದೊಂದು ಅಕ್ಷರಕ್ಕೂ ಒಂದೊಂದು ಗುಟುಕು ಟೀ ಕುಡಿದ.

ಆ ವಾರವೇ ನಿಟ್ಟೂರಿನ ಯಜಮಾನರು ಬಂದರು, ಜೊತೆಗೆ ಅದೇ ಆಳು. ತಲೆ ಎತ್ತಿ ಬೋರ್ಡು ಓದಿ, ಆಳಿನ ಹೆಗಲು ತಟ್ಟಿದರು. ‘ನೋಡ್ಲಾ! ನಾವಿಬ್ರೂ ಅವತ್ತೇ ಹೇಳಿರ್ನಿಲ್ವಾ? ಸಾವ್ಕಾರ್ರಿಗೆ ಈಗ ಬುದ್ಧಿ ಬಂತು.’

ಮುಖ ತಗ್ಗಿಸಿ ಕೂತೆ. ಆದರೆ ನಾನು ತಿಂಗಳೆರಡು ತಿಂಗಳಲ್ಲಿ ಒಂದು ವಿಷಯ ಗಮನಿಸಿದೆ. ಹೊಸ ಬೋರ್ಡು ಓದಿಕೊಂಡು ಹೋದವರು ಬೇಗ ಬೇಗ ವಾಪಸ್ ಬರತೊಡಗಿದರು. ಒಬ್ಬರ ದುರ್ಬೀನು ನಜ್ಜು, ಒಬ್ಬರದು ಸ್ಕ್ರೂ ಮುರಿದದ್ದು, ಒಬ್ಬರ ಗಾಜಿನಲ್ಲಿ ಜೇಡರ ಬಲೆ. ‘ಏನ್ ಸ್ವಾಮಿ ಹೀಗಾಯ್ತು?’ ಅಂದರೆ, ‘ನಿಮ್ ಬೋರ್ಡ್ ನೋಡೇ ಮಾಡಿದ್ದು’ ಅನ್ನುತ್ತಾರೆ. ಹೊಸದು ಕೊಂಡು ಹೋಗುತ್ತಾರೆ. ಹತ್ತು ವರ್ಷ ಸತ್ಯ ಬರೆದು ನೇತು ಹಾಕಿದಾಗ ಇಷ್ಟು ದುರ್ಬೀನು ಹೋಗಿರಲಿಲ್ಲ.

ವರ್ಷ ತುಂಬಿದ ದಿನ ಮೋಟಾರಿನವನೇ ಬಂದ. ‘ತೆಗ್ದುಬುಡಿ ಸಾವ್ಕಾರ್ರೇ, ಸಾಕು. ನಿಮ್ ಮಾನ ಎಷ್ಟಂತ ಕಳೆಯೋದು?’

‘ಇರ್ಲಿ ಬಿಡಯ್ಯಾ,’ ಅಂದೆ. ‘ನನಗೇನೂ ಬೇಜಾರಿಲ್ಲ. ಬಂದು ಕೇಳಿದವರಿಗೆ ನಾನು ಇವತ್ತಿಗೂ ಎರಡು ಬೆರಳು ಅಂತಲೇ ಹೇಳ್ತೀನಿ. ಕೇಳದೆ ಹೋಗೋರಿಗೆ ಬೋರ್ಡಿದೆ.’

ಅವನು ಬೋರ್ಡು ನೋಡಿದ, ಷೋಕೇಸಿನಲ್ಲಿ ಹೊಸದಾಗಿ ಬಂದ ದುರ್ಬೀನುಗಳ ಸಾಲು ನೋಡಿದ. ಅವನೂ ಇಷ್ಟು ವರ್ಷ ಅಂಗಡಿ ನಡೆಸಿದವನೇ. ಹತ್ತಿರ ಬಂದು ದನಿ ತಗ್ಗಿಸಿದ.

‘ಅಲ್ಲಾ ಸಾವ್ಕಾರ್ರೇ, ಆ ನಿಮ್ ಹಳೇ ಎರಡು ಬೆರಳಿನ ಬೋರ್ಡು ಐತಲ್ಲ, ಎಸ್ದಿಲ್ಲ ತಾನೇ?’

‘ಹಿಂದಿನ ರೂಮಲ್ಲಿದೆ. ಯಾಕೆ?’

‘ಕೊಡಿ, ನನ್ ಅಂಗ್ಡಿಗೆ ಹಾಕ್ಕೊಳ್ತೀನಿ. ಬೋರಿಗ್ ಬಿದ್ದಿರೋ ಮೋಟಾರ್ ಎತ್ತೋ ಕೆಲ್ಸ ಈ ವರ್ಷ ವಸಿ ಕಮ್ಮಿಯಾಗೈತೆ.’